ಎರಡು ಟೀ, ಎರಡು ಕಾಫಿ ಬೈ ಟೂ

ಕೋಡಿಹಳ್ಳಿಯ ಟೀ ಅಂಗಡಿ ಬೆಂಚಿಗೆ ಬೆಳಗ್ಗೆ ಏಳಕ್ಕೆಲ್ಲ ಬಂದು ಕೂರುವ ಮೇಷ್ಟ್ರ ನಿಜವಾದ ಹೆಸರು ಪಿಂಚಣಿ ಪುಸ್ತಕದಲ್ಲಿದೆ. ಲೆಕ್ಕದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ನಿಯಮದ ಹೆಸರಿನಿಂದ ಊರಿಗೆಲ್ಲ ಅವರು ಬೋಡ್‌ಮಾಸ್ ಮೇಷ್ಟ್ರು. ಅವರು ನಿವೃತ್ತರಾದರು, ಜೇಬಿನಲ್ಲಿರುವ ಸೀಮೆಸುಣ್ಣ ಆಗಲಿಲ್ಲ. ಇಂಥವರೊಬ್ಬರು ನಿಮ್ಮೂರಲ್ಲೂ ಇದ್ದೇ ಇರುತ್ತಾರೆ. ಊರಿನ ಯಾರ ಲೆಕ್ಕವೂ ಅವರ ಕಣ್ಣಿಗೆ ಸರಿಯಿರುವುದಿಲ್ಲ. ಅವರ ಟೀ ಲೆಕ್ಕ ಮಾತ್ರ ತಿಂಗಳುಗಟ್ಟಲೆ ಬಾಕಿ.

ಒಮ್ಮೆ ಗೊಬ್ಬರದಂಗಡಿ ಹುಡುಗ ಹಮಾಲಿ 40, ಕೂಡು ಮೂರು ಮೂಟೆ ಡಿಎಪಿ, ಇಂಟು 1350 ಎಂದು ಕ್ಯಾಲ್ಕುಲೇಟರ್ ಒತ್ತಿದ. 58,050 ಬಂತು. ರೈತ ತಲೆ ಮೇಲೆ ಕೈಹೊತ್ತು ಕೂತ. ಅಲ್ಲೇ ಇದ್ದ ಮೇಷ್ಟ್ರ ಮುಖ ಮದುವೆ ಮನೆಯಂತೆ ಅರಳಿತು. ‘ಅದು ಒತ್ತಿದ್ದನ್ನ ಒತ್ತಿದಂಗೇ ಮಾಡೋ ಯಂತ್ರ ಕಣ್ಲಾ. 40ಕ್ಕೆ 3 ಕೂಡ್ಬಿಟ್ಟು ಆಮೇಲೆ ಗುಣಿಸೈತೆ. ಗುಣಾಕಾರ ಮೊದಲು! 4,090 ಈಸ್ಕೊ!’ ಅಂದಿನಿಂದ ಆ ರೈತ ಅವರನ್ನು ಕಂಡರೆ ಬೀಡಿ ಆರಿಸುತ್ತಾನೆ.

2019ರಲ್ಲಿ 8÷2(2+2) ಎಂಬ ಲೆಕ್ಕ ಪ್ರಪಂಚವನ್ನೆಲ್ಲ ಜಗಳಕ್ಕೆ ಹಚ್ಚಿತಲ್ಲ, ಅದು ಮೊಮ್ಮಗನ ಮೊಬೈಲಿನಲ್ಲಿ ಕೋಡಿಹಳ್ಳಿಗೂ ಬಂತು. ಮೇಷ್ಟ್ರು 16 ಅಂದರು. ಇಂಜಿನಿಯರಿಂಗ್ ಓದುವ ಮೊಮ್ಮಗ, ‘ತಾತ, ಬ್ರಾಕೆಟ್ಟಿಗೆ ಅಂಟಿಕೊಂಡಿರೋ 2 ಅದರ ಜೊತೆಗೇ ಹೋಗ್ಬೇಕು, 1’ ಅಂದ. ಎರಡು ಬಗೆಯ ಕ್ಯಾಲ್ಕುಲೇಟರ್ ತಂದರೆ ಒಂದು ತಾತನ ಕಡೆ, ಒಂದು ಮೊಮ್ಮಗನ ಕಡೆ. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ‘10−3+2 ಎಷ್ಟು? ನಿಮ್ಮ ಬೋಡ್‌ಮಾಸ್‌ನಲ್ಲಿ ಕೂಡೋದು ಮೊದಲು, ಕಳೆಯೋದು ಆಮೇಲೆ. ಹಂಗಾದ್ರೆ 5 ಬರ್ಬೇಕಲ್ಲ?’ ಬರುವುದು 9. ಕೂಡುವುದು ಕಳೆಯುವುದು ಎರಡಕ್ಕೂ ಒಂದೇ ಪಂಕ್ತಿ, ಎಡದಿಂದ ಬಡಿಸುತ್ತ ಹೋಗಬೇಕು ಅಷ್ಟೆ. ಮೇಷ್ಟ್ರಿಗೆ ಆಗ ಕೆಮ್ಮು ಬಂತು.

ನನ್ನನ್ನು ಕೇಳಿದರೆ ತಪ್ಪು ತಾತನದೂ ಅಲ್ಲ, ಮೊಮ್ಮಗನದೂ ಅಲ್ಲ, ಹಾಗೆ ಬರೆದವನದು. 12ನೇ ಶತಮಾನದ ನಮ್ಮ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದಾಗ ಈ ÷ ಗುರುತಿನ ಕಾಟವಿರಲಿಲ್ಲ. ಅದನ್ನು ಭಾಗಾಕಾರಕ್ಕೆಂದು ಅಚ್ಚು ಹಾಕಿದವನು ಸ್ವಿಟ್ಜರ್ಲೆಂಡಿನ ರಾನ್, 1659ರಲ್ಲಿ. ಈಗ ಐಎಸ್‌ಒ 80000-2 ಎಂಬ ಅಂತರರಾಷ್ಟ್ರೀಯ ಮಾನಕವೇ ಅದನ್ನು ಬಳಸಬೇಡಿ ಅನ್ನುತ್ತದೆ. ಇದನ್ನು ಮೇಷ್ಟ್ರಿಗೆ ಹೇಳುವ ಧೈರ್ಯ ನನಗಿಲ್ಲ.

ಅವರಿಗೆ ತಿಳಿಹೇಳಿದ್ದು ಟೀ ಅಂಗಡಿಯವನು. ರೇಷ್ಮೆ ಗೂಡಿನ ಚೀಲ ಹೊತ್ತು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದ ಐದು ಜನ ಬೆಂಚಿನ ಹತ್ತಿರ ನಿಂತಿದ್ದರು, ಮೇಷ್ಟ್ರು ಸೇರಿ ಆರು. ಅಪರೂಪಕ್ಕೆ ಧಾರಾಳ ಬಂದ ಮೇಷ್ಟ್ರು ಕೂಗಿದರು: ‘ಎರಡು ಟೀ, ಎರಡು ಕಾಫಿ ಬೈ ಟೂ!’ ಬಂದದ್ದು ಎಂಟು ಅರ್ಧ ಲೋಟ. ನಾಲ್ಕು ಟೀ, ನಾಲ್ಕು ಕಾಫಿ.

‘ಏನ್ಲಾ ಇದು? ಟೀ ಫುಲ್ಲು. ಬೈ ಟೂ ಕಾಫಿಗೆ ಮಾತ್ರ. ಭಾಗಾಕಾರ ಮೊದಲು, ಕೂಡೋದು ಆಮೇಲೆ!’

‘ಅದು ನಿಮ್ ಪುಸ್ತಕದಾಗೆ ಸಾ. ನಮ್ಮಂಗಡೀಲಿ ಕೊನೆಗೆ ಹೇಳಿದ್ದು ಎಲ್ಲಕ್ಕೂ ಸೇರ್ತದೆ.’

‘ಯಾರು ಹೇಳಿದ್ದು?’

‘ಬ್ರಾಕೆಟ್ಟು ಹಾಕಿ ಕೂಗ್ಬೇಕಿತ್ತು ಸಾ. ಅದಕ್ಕೇನ್ ಕಾಸಾ?’

ಗೂಡಿನವರು ನಕ್ಕು ಚೀಲದ ಮೇಲೆಯೇ ಕೂತರು. ಮಿಕ್ಕ ಎರಡು ಅರ್ಧ ಲೋಟವನ್ನೂ ಮೇಷ್ಟ್ರೇ ಕುಡಿದರು, ದಂಡ ಕಟ್ಟಿದವರ ಹಾಗೆ.

ಈಗ ಅವರು ‘ಎರಡು ಟೀ’ ಅನ್ನುವಾಗ ಎರಡೂ ಅಂಗೈ ಬಾಗಿಸಿ ಗಾಳಿಯಲ್ಲಿ ಆವರಣ ಕಟ್ಟುತ್ತಾರೆ, ಒಂದು ಉಸಿರು ನಿಲ್ಲಿಸಿ ಕಾಫಿಗೆ ಇನ್ನೊಂದು ಕಟ್ಟುತ್ತಾರೆ. ಅಂಗಡಿಯವನು ಅತ್ತ ನೋಡದೆ ತಲೆ ಎಣಿಸಿ ಲೋಟ ಇಡುತ್ತಾನೆ. ಬಾಕಿ ಮಾತ್ರ ಹಾಗೇ ಇದೆ.