ಊರವರನ್ನು ಊರಲ್ಲೇ ಗುರುತು ಕೇಳುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಅವ್ವ ಗದಗಿನ ಬೆಟಗೇರಿಯವಳು. ಹದಿನಾಲ್ಕನೇ ವಯಸ್ಸಿಗೆ ಮಗ್ಗದ ಕಂಡಿಕೆ ಸುತ್ತಲು ಕುಳಿತವಳು ಕಣ್ಣು ಮಂಜಾಗುವವರೆಗೂ ಆ ಕೆಲಸ ಬಿಡಲಿಲ್ಲ. ನೂಲು ಎಳೆದೆಳೆದು ಅವಳ ಬೆರಳ ತುದಿಯ ಗೆರೆಗಳು ಸವೆದುಹೋಗಿವೆ. ಒಂದು ತಿಂಗಳು ರೇಷನ್ ಅಂಗಡಿಯ ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿದಳು. ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತಿದಳು. “ನಿಮ್ಮನ್ನ ಮೂವತ್ತು ವರ್ಷದಿಂದ ಬಲ್ಲೆನ್ರಿ ಯವ್ವಾ, ಆದ್ರ ಮಷೀನಿಗೆ ಗುರ್ತ ಹತ್ತವಲ್ದು. ನಾಳೆ ಬರ್ರಿ” ಅಂದ ಅಂಗಡಿಯವ. ಅವನ ಮದುವೆಯಲ್ಲಿ ಅಕ್ಕಿಕಾಳು ಹಾಕಿ ಬಂದವಳು ಅವ್ವ. ಖಾಲಿ ಚೀಲ ಮಡಿಚಿ ಬಗಲಲ್ಲಿಟ್ಟುಕೊಂಡು ಮನೆಗೆ ಬಂದಳು. ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದಳು, ಮುಂಜಾನೆಗಾದರೂ ಗೆರೆ ಮೂಡಲೆಂದು. ಹೀಗೆ ಮೂರು ದಿನ ಅಲೆದಳು.

ಆ ಮೂರು ದಿನಗಳ ಸಲುವಾಗಿ ನಿಮಗೆ ಬರೆಯುತ್ತಿದ್ದೇನೆ.

ದೇಶ ಬಿಟ್ಟು ಹೋಗುವವರಿಗೆ ಪಾಸ್‌ಪೋರ್ಟ್ ಬೇಕು ಎನ್ನುತ್ತದೆ 1967ರ ಕಾಯ್ದೆ. ಬೆಟಗೇರಿಯಿಂದ ಮುಂಡರಗಿಗೆ ಹೋಗುವವರು ಜೇಬಿನಲ್ಲಿ ಗುರುತಿನ ಚೀಟಿ ಇಟ್ಟುಕೊಂಡೇ ನಡೆಯಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ. ದೇಶದ ತುಂಬ ಓಡಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ರೇಷನ್, ಪಿಂಚಣಿ, ಸಿಮ್, ಬ್ಯಾಂಕು, ಲಾಡ್ಜು, ಎಲ್ಲಿ ಹೋದರೂ ಮೊದಲ ಮಾತು “ಕಾರ್ಡ್ ತೋರ್ಸ್ರಿ”. ಹೀಗೆ ಎಲ್ಲರೂ ಕೇಳುವ ಕಾರ್ಡಿನ ಕತೆ ನೋಡಿ: ಆಧಾರ್ ಸಂಖ್ಯೆ ಪೌರತ್ವಕ್ಕೂ ಪುರಾವೆಯಲ್ಲ, ಕಾಯಂ ನೆಲೆಗೂ (ಡೊಮಿಸೈಲ್) ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಅದಿಲ್ಲದಿದ್ದರೆ ಊಟಕ್ಕೆ ತೊಂದರೆ, ಅದಿದ್ದರೂ ನೀವು ಈ ದೇಶದವರೆಂದು ಅದು ಸಾಕ್ಷಿ ನುಡಿಯುವುದಿಲ್ಲ.

ನಮ್ಮ ಸೀಮೆಗೆ ಗಡಿಗಳು ಹೊಸವೇನಲ್ಲ. 1948ಕ್ಕೆ ಮುಂಚೆ ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. ಮುಂಡರಗಿಯಿಂದ ಮೂಡಣಕ್ಕೆ ಕೊಪ್ಪಳ, ನಿಜಾಮರ ಸೀಮೆ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಮದ್ರಾಸ್ ಪ್ರಾಂತ. ಒಂದೆರಡು ದಿನದ ನಡಿಗೆಯಲ್ಲಿ ಐದು ಸರ್ಕಾರಗಳು. ನಿಜಾಮರ ಸೀಮೆಯಲ್ಲಿ ನಾಣ್ಯವೂ ಬೇರೆ, ಕರೋಡಗಿರಿ ಎಂಬ ಸುಂಕವೂ ಬೇರೆ. ಇಷ್ಟಾದರೂ ಹತ್ತಿಯ ಚಕ್ಕಡಿ ಗದಗಿನ ಪೇಟೆಗೆ ಬಂತು, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದರು. 1947-48ರಲ್ಲಿ ನಿಜಾಮರ ಪರವಾದ ರಜಾಕಾರ ಪಡೆಯ ಹಾವಳಿಗೆ ಹೆದರಿ ಜನ ಗಡಿ ದಾಟಿ ಈಚೆಗೆ ಬಂದರು; ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲೇ ಶಿಬಿರ ಹೂಡಿ ನಿಜಾಮರ ವಿರುದ್ಧ ಹೋರಾಡಿದರು. ಓಡಿಬಂದವರ ಕೈಯಲ್ಲಿ ಯಾವ ಚೀಟಿಯಿತ್ತು?

ಇನ್ನೂ ಹಿಂದೆ, 1905ರಲ್ಲಿ, ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ತನ್ನ ಬೇರು ಅಲ್ಲಿದೆ ಎಂದು ಇಂದಿಗೂ ಹೇಳಿಕೊಳ್ಳುತ್ತದೆ. ಅಂಥ ಸಂಘ ನಿಂತದ್ದು ಯಾವುದರ ಮೇಲೆ? ಯಾರು ಯಾರ ಮಗ, ಯಾರ ಹೊಲ ಎಲ್ಲಿದೆ, ಯಾರು ಮಾತಿಗೆ ತಪ್ಪುವುದಿಲ್ಲ ಎಂಬ ಊರಿನ ತಿಳಿವಳಿಕೆಯ ಮೇಲೆ. ಆ ತಿಳಿವಳಿಕೆಯನ್ನು ನಂಬಿ ಹಣವನ್ನೇ ಸಾಲ ಕೊಟ್ಟ ನೆಲ ಇದು. ಅದೇ ನೆಲದಲ್ಲಿ ಇವತ್ತು ನೆರೆಯವರ ಮಾತಿಗೆ ಐದು ಕಿಲೋ ಅಕ್ಕಿಯ ಬೆಲೆಯೂ ಇಲ್ಲ.

ಬೋಗಸ್ ಕಾರ್ಡುಗಳಿದ್ದದ್ದು ಸುಳ್ಳಲ್ಲ. ಬಡವರ ಅಕ್ಕಿ ಕಾಳಸಂತೆಗೆ ಹೋದದ್ದನ್ನು ನಾವೂ ಕಂಡಿದ್ದೇವೆ. ಕಳ್ಳತನ ತಡೆಯಲು ಲೆಕ್ಕ ಬೇಕು, ಒಪ್ಪುತ್ತೇನೆ. ಆದರೆ ಕದ್ದವರ ಪಾಪಕ್ಕೆ ಕಂಡಿಕೆ ಸುತ್ತಿದವಳು ಮೂರು ದಿನ ಅಲೆಯುವುದನ್ನು ಒಪ್ಪಲಾರೆ.

ಗುಳೆ ಹೋಗುವವರ ಪಾಡು ಇದಕ್ಕಿಂತ ಬಿರುಸು. ಶಿರಹಟ್ಟಿ, ಮುಂಡರಗಿಯ ತಾಂಡಾಗಳಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವರು ಅಲ್ಲಿ ಬಾಡಿಗೆ ಮನೆ ಹಿಡಿಯಲು ಪೊಲೀಸರಿಗೆ ಕಾಗದ ಕೊಡಬೇಕು. ಆ ಸಲುವಾಗಿ ಆಧಾರ್‌ನಲ್ಲಿ ಗೋವಾದ ವಿಳಾಸ ಬರೆಸಿದ ಹೆಣ್ಣುಮಗಳು ಜಾತ್ರೆಗೆ ತವರಿಗೆ ಬಂದಾಗ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಟಿಕೆಟ್ ತೆಗೆಸಬೇಕು. 2023ರ ಜೂನ್ 11ರಂದು ಶುರುವಾದ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚಿದವನು. ನಮ್ಮ ಅಕ್ಕ-ತಂಗಿಯರು ಸಂತೆಗೆ, ದವಾಖಾನೆಗೆ, ದೇವರಿಗೆ ಯಾರಿಗೂ ಕೈಯೊಡ್ಡದೆ ಹೋಗುತ್ತಿದ್ದಾರೆ. ಆದರೆ ಕರ್ನಾಟಕದ ವಿಳಾಸ ಕಾಣುವ ಚೀಟಿ ಇಲ್ಲದಿದ್ದರೆ, ಹುಟ್ಟಿದ ಊರಿನಲ್ಲಿ, ಹುಟ್ಟಿದ ಭಾಷೆಯಲ್ಲೇ ಮಾತಾಡುತ್ತಿದ್ದರೂ ಅವಳು ಹೊರಗಿನವಳು. ಕಂಡಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಚೀಟಿ ನೋಡದೆ ಬಿಟ್ಟರೆ ತಪಾಸಣೆಯಲ್ಲಿ ಸಿಕ್ಕಿಬೀಳುವವನು ಅವನೇ.

ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರಿ ಸವಲತ್ತುಗಳಿಗೆ ಆಧಾರ್ ಉಳಿಸಿತು. ಆದರೆ ಬೆರಳಚ್ಚು ಹೊಂದಲಿಲ್ಲವೆಂದು ಸವಲತ್ತು ತಪ್ಪಿಸಬಾರದು, ಬೇರೆ ದಾರಿಯಿಂದ ಗುರುತು ಹಿಡಿಯಬೇಕು ಎಂಬ ಮಾತನ್ನೂ ಬರೆಯಿತು. ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್‌ನಲ್ಲಿ ಇಂಥವರಿಗೆ ರೇಷನ್ ನಿಲ್ಲಿಸಬೇಡಿ ಎಂದು ಸುತ್ತೋಲೆ ಹೊರಡಿಸಿತ್ತು.

ಹಾಗಾದರೆ ದಾರಿ ಇದೆ. ಅವ್ವನಿಗೆ ಮಾತ್ರ ಅದನ್ನು ಯಾರೂ ಹೇಳಲಿಲ್ಲ, ಅಂಗಡಿಯವನಿಗೂ ಗೊತ್ತಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪ್ರತಿ ರೇಷನ್ ಅಂಗಡಿಯ ಮುಂದೆ ದಪ್ಪ ಅಕ್ಷರದಲ್ಲಿ ಒಂದು ಫಲಕ ಬರೆಸಿ: “ಬೆರಳು ಹೊಂದದಿದ್ದರೂ ರೇಷನ್ ಕೊಡಲಾಗುತ್ತದೆ.” ಅದರ ಕೆಳಗೆ ಒಂದು ರಿಜಿಸ್ಟರ್ ಇಡಿಸಿ, ಊರಿನ ಇಬ್ಬರ ಸಹಿಯನ್ನು ಪುರಾವೆ ಎಂದು ಒಪ್ಪಿಕೊಳ್ಳಿ. ಓದಲು ಬಾರದವರಿಗೆ ಅದನ್ನು ಓದಿ ಹೇಳುವಂತೆ ಅಂಗಡಿಯವನಿಗೆ ತಾಕೀತು ಮಾಡಿ. ಮುಂದಿನ ತಿಂಗಳ ಅಕ್ಕಿ ಬರುವುದರೊಳಗೆ ಆ ಫಲಕ ಗೋಡೆಯ ಮೇಲಿರಲಿ.

ಇಂತಿ,
ಬೆಟಗೇರಿಯ ಒಬ್ಬ ನೇಕಾರ ತಾಯಿಯ ಮಗ