ಚಿತ್ರಸಮಾಜ ಸುವರ್ಣೋತ್ಸವ ಮೀಮಾಂಸೆ

ಪೀಠಿಕಾ ಪ್ರಕರಣ

ಕನ್ನಡದಲ್ಲಿ ಶಾಸನಗಳ ಮೇಲೆ ಸಂಶೋಧನೆ ನಡೆದಿದೆ, ವೀರಗಲ್ಲುಗಳ ಮೇಲೆ ನಡೆದಿದೆ, ಗಾದೆಗಳ ಮೇಲಂತೂ ನಡೆದು ನಡೆದು ಗಾದೆಗಳೇ ಸುಸ್ತಾಗಿವೆ. ಆದರೆ ಐವತ್ತು ತುಂಬಿದ ಫಿಲ್ಮ್ ಸೊಸೈಟಿಯೊಂದು ಬಾಳೆಕಂದು ಕಟ್ಟಿ, ಬ್ಯಾನರ್ ಏರಿಸಿ, ತನ್ನ ಚರಿತ್ರೆಗೆ ತಾನೇ ಉತ್ಸವ ಮಾಡಿಕೊಳ್ಳುವ ವಿದ್ಯಮಾನಕ್ಕೆ ಶಾಸ್ತ್ರ ಬರೆಯುವ ಪುಣ್ಯ ಮಾತ್ರ ಯಾರಿಗೂ ಒದಗಿದಂತಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಗುರಿ.

ಕಾಲ ಪಕ್ವವಾಗಿದೆ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು 1971ರಲ್ಲಿ, ಸಾಗರ ತಾಲ್ಲೂಕು ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜ 1973ರಲ್ಲಿ. ಆ ಆಸುಪಾಸಿನಲ್ಲಿ ಕಣ್ಣು ಬಿಟ್ಟ ಸಮಾಜಗಳು ಈಗ ಒಂದೋ ಐವತ್ತು ದಾಟಿವೆ, ಇಲ್ಲವೇ ದಾಟುವ ಮುಂಚೆಯೇ ಬೀಗ ಹಾಕಿಕೊಂಡಿವೆ. ಉಳಿದವು ಉತ್ಸವ ಮಾಡುತ್ತವೆ. ಈ ಶಾಸ್ತ್ರವು ಯಾವುದೇ ಒಂದು ಸಮಾಜದ ಉತ್ಸವವನ್ನು ಕುರಿತದ್ದಲ್ಲ, ಉತ್ಸವವೆಂಬ ಜಾತಿಯನ್ನು ಕುರಿತದ್ದು. ಆದ್ದರಿಂದ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ.

ಸಂಶೋಧನಾ ವಿಧಾನದ ಬಗ್ಗೆ ಒಂದು ಮಾತು. ಪ್ರಬಂಧಕಾರನು ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು ಅಧ್ಯಯನ ನಡೆಸಿದ್ದಾನೆ. ಅಲ್ಲಿಂದ ತೆರೆಯೂ ಕಾಣುತ್ತದೆ, ಚಹಾದ ಫ್ಲಾಸ್ಕೂ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಪೂರ್ವಪಕ್ಷ ಪ್ರಕರಣ

ಜನ ಫಿಲ್ಮ್ ಸೊಸೈಟಿಗೆ ಸೇರಿದ್ದು ಯಾತಕ್ಕೆ? ಪೂರ್ವಪಕ್ಷದವರ ಉತ್ತರ ಸ್ಪಷ್ಟ: ಕಲೆಗಾಗಿ. ಇದಕ್ಕೆ ಅವರು ಒದಗಿಸುವ ಪ್ರಮಾಣ ವಂಶಾವಳಿ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1959ರಲ್ಲಿ ದೇಶದ ಸೊಸೈಟಿಗಳೆಲ್ಲ ಸೇರಿ ಒಕ್ಕೂಟವಾಯಿತು, ರಾಯ್ ಅದರ ಅಧ್ಯಕ್ಷರಾದರು. ಆ ಬೆಳಕಿನ ಒಂದು ಕಿರಣ ನಮ್ಮೂರಿಗೂ ಬಿತ್ತು ಎಂದು ಸ್ಮರಣ ಸಂಚಿಕೆಯ ಮೊದಲ ಲೇಖನ ತಪ್ಪದೆ ಹೇಳುತ್ತದೆ. ನಮ್ಮ ಹಳೆಯ ಅರಸುಮನೆತನಗಳು ಸೂರ್ಯಚಂದ್ರರಿಂದ ವಂಶ ಎಣಿಸಲು ಶುರು ಮಾಡಿ ಕೊನೆಗೆ ನಾಲ್ಕು ಹಳ್ಳಿಗೆ ಇಳಿಯುತ್ತಿದ್ದ ಹಾಗೆಯೇ ಇದೂ.

ಸಿದ್ಧಾಂತ ಪಕ್ಷ ಬೇರೆ ಹೇಳುತ್ತದೆ. ಫಿಲ್ಮ್ ಸೊಸೈಟಿಗಳು ಸದಸ್ಯರಿಗೆ ತೋರಿಸುವ ವಿದೇಶಿ ಚಿತ್ರಗಳಿಗೆ ಸೆನ್ಸಾರಿನಿಂದ ವಿನಾಯಿತಿ ಸಿಕ್ಕಿತ್ತು. ಕತ್ತರಿ ಬೀಳದ ಚಿತ್ರ ಎಂಬ ಸುದ್ದಿ ಊರಲ್ಲಿ ಹಬ್ಬಿದ ವೇಗ ಕಲೆಯ ಸುದ್ದಿಗೆ ಎಂದೂ ಬಂದಿಲ್ಲ. ಯಾವುದೋ ಸ್ವೀಡನ್ ಚಿತ್ರದಲ್ಲಿ ಏನೋ ಇದೆಯಂತೆ ಎಂದು ಕಾಲೇಜು ಹುಡುಗರು, ಬ್ಯಾಂಕಿನ ಗುಮಾಸ್ತರು, ಒಬ್ಬಿಬ್ಬರು ಮೇಷ್ಟ್ರುಗಳು ಸಹ ಮಫ್ಲರ್ ಸುತ್ತಿಕೊಂಡು ಬಂದು ಕೂತರು. ತೆರೆಯ ಮೇಲೆ ಎರಡು ತಾಸು ಒಬ್ಬಳು ಹೆಂಗಸು ಕಿಟಕಿಯಾಚೆ ನೋಡಿದಳು, ಒಬ್ಬ ಪಾದ್ರಿ ದೇವರಿದ್ದಾನೆಯೇ ಎಂದು ಕೇಳಿದ, ಗಡಿಯಾರ ಟಿಕ್ ಎಂದಿತು. ಬಂದವರಲ್ಲಿ ಮುಕ್ಕಾಲುಪಾಲು ಜನ ಮಾರನೇ ವಾರ ಬರಲಿಲ್ಲ. ಉಳಿದ ಕಾಲುಪಾಲು ಯಾಕೆ ಬಂದಿತೆಂಬುದನ್ನು ಅವರಿಗೂ ಹೇಳಲಾಗಲಿಲ್ಲ. ಆ ಕಾಲುಪಾಲೇ ಸಮಾಜ. ಇದರಿಂದ ದೊರಕುವ ಸೂತ್ರ:

ತಪ್ಪು ಕಾರಣಕ್ಕೆ ಬಂದವನೇ ಖಾಯಂ ಸದಸ್ಯ.

ವ್ಯಾಖ್ಯಾನ: ಸರಿಯಾದ ಕಾರಣಕ್ಕೆ ಬಂದವನು ಬೇಗ ನಿರಾಶನಾಗಿ ಸ್ವಂತ ಸಮಾಜ ಕಟ್ಟಲು ಹೊರಡುತ್ತಾನೆ.

ಡಬ್ಬಿ ಪ್ರಕರಣ

ಇದು ಈ ಶಾಸ್ತ್ರದ ಹೃದಯಭಾಗ. ಆತುರವಿರುವವರು ಉಳಿದದ್ದನ್ನು ಬಿಟ್ಟು ಇದೊಂದನ್ನು ಓದಿದರೂ ನಡೆಯುತ್ತದೆ.

ಚಿತ್ರಸಮಾಜದ ಚರಿತ್ರೆಯನ್ನು ಡಬ್ಬಿ ಯುಗ, ಕ್ಯಾಸೆಟ್ ಯುಗ, ಡಿವಿಡಿ ಯುಗ, ಲಿಂಕ್ ಯುಗ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಕ್ಯಾಸೆಟ್ ಯುಗದ ಚಿತ್ರಗಳಿಗೆ ಬೂಷ್ಟು ಹಿಡಿದಿದೆ, ಡಿವಿಡಿ ಯುಗಕ್ಕೆ ಗೀರು ಬಿದ್ದಿದೆ, ಲಿಂಕ್ ಯುಗ ಇನ್ನೂ ಲೋಡ್ ಆಗುತ್ತಿದೆ. ಹಾಗಾಗಿ ಡಬ್ಬಿಗೆ ಬರೋಣ.

ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸೊಸೈಟಿಗಳಿಗೆ 16 ಎಂ.ಎಂ. ಪ್ರಿಂಟುಗಳನ್ನು ಕಡ ಕೊಡುತ್ತಿತ್ತು. ರಾಯಭಾರ ಕಚೇರಿಗಳು ಕೊಡುತ್ತಿದ್ದವು, ಬೆಂಗಳೂರಿನಲ್ಲಾದರೆ ಮ್ಯಾಕ್ಸ್ ಮುಲ್ಲರ್ ಭವನವಿತ್ತು. ಚಿತ್ರ ರೈಲಿನಲ್ಲೋ ಬಸ್ಸಿನ ಟಾಪಿನಲ್ಲೋ ತಗಡಿನ ಡಬ್ಬಿಯೊಳಗೆ ಕೂತು ಬರುತ್ತಿತ್ತು. ಅದು ಬರುವ ದಿನ ಕಾರ್ಯದರ್ಶಿಯ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. "ಡಬ್ಬಿ ಬಂತಾ?" ಎಂಬುದೇ ಆ ಯುಗದ ಕುಶಲಪ್ರಶ್ನೆ. ಸೈಕಲ್ಲಿನ ಹಿಂದೆ ಹಗ್ಗದಲ್ಲಿ ಬಿಗಿದುಕೊಂಡು ಬಂದದ್ದು ಐಸೆನ್‌ಸ್ಟೈನ್ ಎಂಬುದು ದಾರಿಯಲ್ಲಿ ಎದುರಾದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೆಲ್ ಹೊಡೆದೇ ದಾರಿ ಬಿಡಿಸಿಕೊಳ್ಳಬೇಕಿತ್ತು.

ಈಗ ಗಣಿತ. 16 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಿಮಿಷಕ್ಕೆ 36 ಅಡಿ ಸವೆಯುತ್ತದೆ. 1600 ಅಡಿಯ ದೊಡ್ಡ ಸ್ಪೂಲು ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಬರುತ್ತದೆ. 'ಪಥೇರ್ ಪಾಂಚಾಲಿ' ಎರಡು ಗಂಟೆಯ ಆಜುಬಾಜಿನ ಚಿತ್ರ. ಅಂದರೆ ಮೂರು ಸ್ಪೂಲು, ನಡುವೆ ಎರಡು ನಿಲುಗಡೆ. ಟಾಕೀಸಿನಲ್ಲಾದರೆ ಎರಡು ಪ್ರೊಜೆಕ್ಟರು, ಒಂದರ ರೀಲು ಮುಗಿಯುವಾಗ ಇನ್ನೊಂದು ಎತ್ತಿಕೊಳ್ಳುತ್ತದೆ, ನೋಡುವವನಿಗೆ ತಿಳಿಯುವುದೂ ಇಲ್ಲ. ಒಂದೇ ಪ್ರೊಜೆಕ್ಟರಿನ ಬಡ ಸಮಾಜದಲ್ಲಿ ಲೈಟ್ ಹಾಕಲೇಬೇಕು. ಲೈಟ್ ಹಾಕಿದ ಮೇಲೆ ಪಕ್ಕದವನ ಮುಖ ನೋಡಲೇಬೇಕು. ನೋಡಿದ ಮೇಲೆ ಏನಾದರೂ ಅನ್ನಲೇಬೇಕು. ಸೂತ್ರ:

ರೀಲು ನಿಂತಲ್ಲಿ ವಿಮರ್ಶೆ ಹುಟ್ಟುತ್ತದೆ.

ವ್ಯಾಖ್ಯಾನ: ಮೊದಲ ನಿಲುಗಡೆಯ ವಿಮರ್ಶೆಯು "ಏನಾಗುತ್ತೋ ನೋಡೋಣ" ಎಂಬ ರೂಪದ್ದು. ಎರಡನೆಯದು "ನಾನು ಆಗಲೇ ಅಂದಿದ್ದೆ" ಎಂಬ ರೂಪದ್ದು. ಕರೆಂಟು ಹೋಗಿ ಮೂರನೆಯದೊಂದು ಸಿಕ್ಕರೆ ಮಾತು ಮಾರ್ಕ್ಸ್‌ವಾದಕ್ಕೆ ತಿರುಗುತ್ತದೆ. ಕನ್ನಡದಲ್ಲಿ ಸಿನಿಮಾ ಕುರಿತ ಒಳ್ಳೆಯ ಚಿಂತನೆಯ ಬಹುಭಾಗ ಇನ್ನೊಂದು ಪ್ರೊಜೆಕ್ಟರ್ ಕೊಳ್ಳಲು ದುಡ್ಡಿಲ್ಲದ ಕಾರಣಕ್ಕೆ ಹುಟ್ಟಿತೆಂಬುದು ಪ್ರಬಂಧಕಾರನ ದೃಢ ನಂಬಿಕೆ. ಇಂದು ಎರಡೂವರೆ ತಾಸಿನ ಚಿತ್ರ ಒಂದೇ ಉಸಿರಿಗೆ ಓಡುತ್ತದೆ, ಮುಗಿದ ಕೂಡಲೇ ಎಲ್ಲರೂ ಪಾರ್ಕಿಂಗ್ ಕಡೆ ಓಡುತ್ತಾರೆ.

ಹೆಗ್ಗೋಡಿನ ಪ್ರಸಂಗವನ್ನು ಇಲ್ಲಿಯೇ ಹೇಳಬೇಕು. 1949ರಲ್ಲಿ ಹವ್ಯಾಸಿ ನಾಟಕ ತಂಡವಾಗಿ ಶುರುವಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಜಗತ್ತಿನ ಚಿತ್ರಗಳನ್ನು ಅಡಿಕೆ ತೋಟಗಳ ನಡುವೆ ತಂದು ತೋರಿಸಿತು. ಆಗ ಪಟ್ಟಣದ ಪಂಡಿತರು ಎತ್ತಿದ ಶಂಕೆ ಇದು: ಅಡಿಕೆ ಸುಲಿಯುವವರಿಗೆ ಕುರೊಸಾವಾ ಅರ್ಥವಾದಾನೆಯೇ? ಮಲ್ಲೇಶ್ವರದವರಿಗೆ, ಬಸವನಗುಡಿಯವರಿಗೆ ಅರ್ಥವಾದನೆಯೇ ಎಂದು ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕುರೊಸಾವಾನ 'ರಾಶೊಮೋನ್'ನಲ್ಲಿ ನಡೆದದ್ದು ಒಂದೇ ಘಟನೆ, ಹೇಳುವವರು ನಾಲ್ವರು, ಕಥೆಯೂ ನಾಲ್ಕು. ಬೇಲಿ ಜಗಳದ ಪಂಚಾಯಿತಿಗೆ ಒಮ್ಮೆಯಾದರೂ ಕೂತವನಿಗೆ ಇದರಲ್ಲಿ ಜಪಾನಿನದು ಅಂತ ಇರುವುದು ಬಟ್ಟೆಬರೆ ಮಾತ್ರ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಪಂಡಿತರ ಶಂಕೆ ಪರಿಹಾರವಾಯಿತು. ಪ್ರಶಸ್ತಿಯಿಂದ ಪರಿಹಾರವಾಗದ ಶಂಕೆ ನಮ್ಮಲ್ಲಿ ಅಪರೂಪ.

ಉದಾಹರಣ ಪ್ರಕರಣ

ಚಿತ್ರ ನೋಡುವವರ ಶಾಸ್ತ್ರ ಹೇಳಿ ಮಾಡುವವರನ್ನು ಬಿಟ್ಟರೆ ಗ್ರಂಥ ಅಪೂರ್ಣ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' 1970ರದು. ಅನಂತಮೂರ್ತಿಯವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ, ಕ್ಯಾಮೆರಾ ಹಿಡಿದವನು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವನು. ಅಗ್ರಹಾರದಲ್ಲಿ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂಬ ಚರ್ಚೆ ಮುಗಿಯದೆ ಹೆಣ ಕೂತಿರುತ್ತದೆ. ಚಿತ್ರಕ್ಕೆ ಪ್ರಮಾಣಪತ್ರ ಕೊಡಬಹುದೇ ಎಂಬ ಚರ್ಚೆಯಲ್ಲಿ ಸೆನ್ಸಾರ್ ಮಂಡಲಿ ಚಿತ್ರವನ್ನೂ ಹಾಗೆಯೇ ಕೂರಿಸಿತು, ನಿಷೇಧಿಸಿತು. ಕೊನೆಗೆ ನಿಷೇಧ ತೆರವಾಗಿ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಸರ್ಕಾರದ ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ತಿಳಿಯಬಾರದೆಂಬ ದಾನಧರ್ಮಕ್ಕೆ ಇದು ಉತ್ತಮ ನಿದರ್ಶನ. ಬಳಿಕ 'ಚೋಮನ ದುಡಿ', 'ಘಟಶ್ರಾದ್ಧ'ಗಳಿಗೂ ಅದೇ ಕಮಲ ದಕ್ಕಿತು.

ನಂತರದ ಪೀಳಿಗೆಯ ಭೂಗೋಳ ಇನ್ನೂ ವಿಚಿತ್ರ. ಮಂಡ್ಯದ ಹಳ್ಳಿಯಲ್ಲಿ ಹಳ್ಳಿಯವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ತೆಗೆದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಪಡೆದು, 2016ರಲ್ಲಿ ನಮ್ಮ ಚಿತ್ರಮಂದಿರಕ್ಕೆ ಬಂತು. ಕೊಪ್ಪಳ ಸೀಮೆಯ ಹಳ್ಳಿಯ 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಪ್ರಶಸ್ತಿ ಗೆದ್ದಿತು. ಸೂತ್ರ:

ಮಂಡ್ಯದಿಂದ ಮಂಡ್ಯಕ್ಕೆ ಲೊಕಾರ್ನೊ ಮೇಲೆ ಹಾದು ಬರತಕ್ಕದ್ದು.

ದುಡ್ಡಿನ ವಿಷಯದಲ್ಲಿ ವಿಚಿತ್ರವೆಂದರೆ ಪವನ್ ಕುಮಾರರ 2013ರ 'ಲೂಸಿಯಾ'. ಅದು ಜನರ ಹತ್ತಿರ ಇಂಟರ್‌ನೆಟ್ಟಿನಲ್ಲಿ ಚಂದಾ ಎತ್ತಿ ತಯಾರಾಯಿತು. ಚಿತ್ರ ಏನೆಂದು ತಿಳಿಯುವ ಮೊದಲೇ ದುಡ್ಡು ಕೊಡುವುದು ಹೊಸ ಆರ್ಥಿಕ ಕ್ರಾಂತಿಯೆಂದು ಆಗ ಪತ್ರಿಕೆಗಳು ಬರೆದವು. ಫಿಲ್ಮ್ ಸೊಸೈಟಿಯ ಸದಸ್ಯರು ಅದನ್ನೇ ವಾರ್ಷಿಕ ಶುಲ್ಕದ ಹೆಸರಿನಲ್ಲಿ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ, ಯಾವ ಪತ್ರಿಕೆಯೂ ಬರೆದಿಲ್ಲ.

ಉತ್ಸವ ಪ್ರಕರಣ

ಉತ್ಸವದ ಲಕ್ಷಣವೇನು? ಚಿತ್ರ ತೋರಿಸುವುದು ಎಂದರೆ ಅತಿವ್ಯಾಪ್ತಿ ದೋಷ ಬರುತ್ತದೆ, ಏಕೆಂದರೆ ಅದು ಪ್ರತಿ ವಾರವೂ ನಡೆಯುತ್ತದೆ. ಚಿತ್ರಕ್ಕಿಂತ ಮೊದಲು ನಡೆಯುವುದೆಲ್ಲ ಉತ್ಸವ ಎಂಬುದೇ ನಿರ್ದುಷ್ಟ ಲಕ್ಷಣ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಸ್ಮರಣ ಸಂಚಿಕೆ ಬಿಡುಗಡೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಮಾತು, ವಂದನಾರ್ಪಣೆ ಇವಿಷ್ಟೂ ಅಂಗಗಳು. ಮುಖ್ಯ ಅತಿಥಿಗಳು ಸಮಯದ ಅಭಾವವಿದೆ ಎಂದು ಶುರು ಮಾಡಿ ಅಭಾವವನ್ನು ಸಾಬೀತು ಮಾಡಿಯೇ ಕೂರುತ್ತಾರೆ. ಬಳಿಕ ಅವರಿಗೆ ಬೇರೆ ಕಾರ್ಯಕ್ರಮವಿರುತ್ತದೆ. ಚಿತ್ರ ಶುರುವಾದಾಗ ಸಭಾಂಗಣದಲ್ಲಿ ಇರುವವರು, ಉತ್ಸವವಿಲ್ಲದ ವಾರಗಳಲ್ಲೂ ಇರುತ್ತಿದ್ದ ಅದೇ ಕಾಲುಪಾಲು.

ಚಿತ್ರದ ನಂತರದ ಸಂವಾದವನ್ನು ವಿಸ್ತರಿಸುವ ಅಗತ್ಯವಿಲ್ಲ. "ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಎಂದು ಮೈಕ್ ಹಿಡಿದವರನ್ನು ಕಂಡವರಿಗೆ ವಿವರಣೆ ಬೇಡ, ಕಾಣದವರಿಗೆ ವಿವರಣೆ ಸಾಲದು.

ಆದರೆ ಸ್ಮರಣ ಸಂಚಿಕೆಯನ್ನು ಬಿಡುವ ಹಾಗಿಲ್ಲ, ಅದೇ ನಮ್ಮ ಮುಖ್ಯ ಆಕರ. ಯಾವುದಾದರೂ ಸಂಚಿಕೆಯ ಫೋಟೋ ಪುಟಗಳನ್ನು ತಿರುವಿ ನೋಡಿ. ಹಾರ ಹಾಕುತ್ತಿರುವ ಫೋಟೋ, ಹಾಕಿಸಿಕೊಳ್ಳುತ್ತಿರುವ ಫೋಟೋ, ಗುಂಪು ಫೋಟೋ. ಯಾರೂ ಸಿನಿಮಾ ನೋಡುತ್ತಿರುವ ಫೋಟೋ ಮಾತ್ರ ಸಿಗುವುದಿಲ್ಲ. ಕಾರಣ ಸರಳ: ನೋಡುವಾಗ ಕತ್ತಲಿರುತ್ತದೆ. ಹೀಗಾಗಿ ಚಿತ್ರಸಮಾಜಗಳ ಲಿಖಿತ ಚರಿತ್ರೆಯೆಲ್ಲ ಲೈಟ್ ಹಾಕಿದ್ದಾಗ ನಡೆದದ್ದರ ಚರಿತ್ರೆ. ಕಟ್ಟಡ ಯಾವಾಗ ಎದ್ದಿತು, ಅಧ್ಯಕ್ಷರು ಯಾರಿದ್ದರು, ಯಾವ ಸಚಿವರು ಬಂದರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಲೈಟ್ ಆರಿದ ಮೇಲೆ ಬ್ಯಾಂಕಿನ ಗುಮಾಸ್ತನೊಬ್ಬನಿಗೆ ಏನಾಯಿತು, ಅವನು ಯಾಕೆ ಮುಂದಿನ ವಾರ ಮತ್ತೆ ಬಂದ ಎಂಬುದು ಎಲ್ಲೂ ಇಲ್ಲ. ಇಲ್ಲಿ ಪ್ರಬಂಧಕಾರನು ಒಂದು ಕ್ಷಣ ಅಣಕನ್ನು ಪಕ್ಕಕ್ಕಿಟ್ಟಿದ್ದಾನೆ, ಪರೀಕ್ಷಕರು ಕ್ಷಮಿಸಬೇಕು.

ಆ ಚರಿತ್ರೆ ಉಳಿದಿದ್ದರೆ ಸ್ಮರಣ ಸಂಚಿಕೆಯಲ್ಲಲ್ಲ, ಬಿಡಿ ಕಾಗದಗಳಲ್ಲಿ. ಸೈಕ್ಲೋಸ್ಟೈಲ್ ಮಾಡಿದ ಚಿತ್ರಟಿಪ್ಪಣಿಯ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ಸಾಲಿನಲ್ಲಿ, ಸದಸ್ಯತ್ವ ಕಾರ್ಡಿನ ಹಿಂದೆ ಬರೆದಿಟ್ಟ ಚಿತ್ರಗಳ ಪಟ್ಟಿಯಲ್ಲಿ. 'ಘಟಶ್ರಾದ್ಧ'ದ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದಕ್ಕೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂದೆ ನಿಂತು ಆ 1977ರ ಚಿತ್ರಕ್ಕೆ ಮರುಜೀವ ಕೊಡಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಲು ಸಾಧ್ಯವಾಯಿತು. 1934ರ 'ಸತಿ ಸುಲೋಚನ', ನಮ್ಮ ಮೊದಲ ಟಾಕಿ, ಅದರ ಒಂದು ಪ್ರಿಂಟೂ ಉಳಿದಿಲ್ಲ. ಚಿತ್ರಗಳ ಗತಿಯೇ ಇದಾದರೆ ನೋಡಿದವರ ಟಿಪ್ಪಣಿಯ ಗತಿ ಹೇಳುವುದೇ ಬೇಡ.

ಆದ್ದರಿಂದ ಈ ಶಾಸ್ತ್ರದ ಕೊನೆಯ ಸೂತ್ರ ವಿಧಿರೂಪದ್ದು. ನಿಮ್ಮ ಮನೆಯ ಅಟ್ಟದ ಮೇಲೆ ಯಾವುದಾದರೂ ಚಿತ್ರಸಮಾಜದ ಹಳೆಯ ಕರಪತ್ರ, ಟಿಪ್ಪಣಿ, ಕಾರ್ಡು ಬಿದ್ದಿದ್ದರೆ ಹಳೇ ಪೇಪರಿನವನಿಗೆ ಹಾಕಬೇಡಿ. ಆ ಸಮಾಜ ಇನ್ನೂ ಬದುಕಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ಊರಿನ ಯಾವುದಾದರೂ ಗ್ರಂಥಾಲಯಕ್ಕೆ ಮುಟ್ಟಿಸಿ. ಹೋಗುವಾಗ ಕಾರ್ಡಿನ ಮೇಲೆ ಶುಲ್ಕ ಬಾಕಿ ಎಂದು ಬರೆದಿದ್ದರೆ ಅದನ್ನೂ ಕಟ್ಟಿ ಬನ್ನಿ.