ಶೆಡ್ಡಿನ ಗೋಡೆಗೆ ಸಿಮೆಂಟು ಬಳಿಸಬೇಡಿ ರಾಯರೇ

ರಾಯರೇ, ಒಂದು ನಿಮಿಷ ನಿಂತ್ಕೊಳ್ಳಿ. ಬೆಳಿಗ್ಗೆ ನಿಮ್ಮ ಗೇಟಿನ ಹತ್ತಿರ ಸಿಮೆಂಟು ಮೂಟೆ ಇಳಿಸ್ತಿದ್ದರು, ಆಗಿನಿಂದ ನಿಮ್ಮನ್ನೇ ಕಾಯ್ತಿದ್ದೇನೆ. ಕಾರ್ ಶೆಡ್ಡಿಗೇ ತಾನೇ? ಒಳಗೋಡೆ ಉದುರ್ತಿದೆ ಅಂತ ಅಮ್ಮಾವ್ರು ನಮ್ಮನೆಯವಳ ಹತ್ತಿರ ಹೇಳಿದರಂತೆ. ಆ ಸಿಮೆಂಟನ್ನ ಸಂಪಿಗೆ ಹಾಕಿಸಿ, ಚರಂಡಿಗೆ ಹಾಕಿಸಿ, ಆ ಗೋಡೆಗೆ ಮಾತ್ರ ಬೇಡ.

ನಿಮ್ಮ ತಂದೆಯವರ ಕಾಲದ ಶೆಡ್ಡು ಅದು. ಮೇಲೆ ಮಂಗಳೂರು ಹೆಂಚು, ಗೋಡೆ ಪೂರಾ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಆಗೆಲ್ಲ ಗೂಡಿನಲ್ಲಿ ಸುಟ್ಟ ಇಟ್ಟಿಗೆ. ಗೂಡಿನ ನಡುವಿನದು ಚೆನ್ನಾಗಿ ಬೆಂದಿರುತ್ತೆ, ಅಂಚಿನದು ಅರೆಬೆಂದದ್ದು. ಮನೆಗೆ ಒಳ್ಳೇದು ಆರಿಸಿಕೊಂಡು, ಶೆಡ್ಡಿಗೂ ಬಚ್ಚಲಿಗೂ ಮಿಕ್ಕಿದ್ದು ಹಾಕಿದ್ದನ್ನ ನಾನು ಮೈಸೂರಿನಲ್ಲಿ ಎಷ್ಟೋ ಕಡೆ ಕಂಡಿದ್ದೇನೆ.

ಒಂದ್ಸಲ ಬಗ್ಗಿ ಹತ್ತಿರದಿಂದ ನೋಡಿ. ಇಟ್ಟಿಗೆಯ ಮುಖ ಪದರ ಪದರವಾಗಿ ಎದ್ದಿದೆ. ಉಗುರು ತಾಗಿಸಿದರೆ ಸಾಕು, ಕೆಂಪು ಹುಡಿ ಉದುರುತ್ತೆ. ಸಂದಿಯಲ್ಲಿ ಬೆರಳು ಒಳಗೇ ಹೋಗುತ್ತೆ, ಸುತ್ತ ಬಿಳೀ ಉಪ್ಪು. ಇದೆಲ್ಲ ಸೊಂಟದ ಎತ್ತರದವರೆಗೆ ಅಷ್ಟೇ, ಅದರಿಂದ ಮೇಲೆ ಅದೇ ಗೋಡೆ ಕಲ್ಲಿನಷ್ಟು ಗಟ್ಟಿ! ಹೆಂಚು ಸೋರಿ ಹಾಳಾಗಿದ್ದರೆ ಮೊದಲು ಮೇಲ್ಗಡೆ ಕೆಡಬೇಕಿತ್ತು. ಹಾಗಾಗಿ ನೀರು ಬರ್ತಿರೋದು ನೆಲದಿಂದ.

ಮಣ್ಣಿನ ತೇವ ಏರುವಾಗ ಉಪ್ಪನ್ನೂ ಹೊತ್ತು ತರುತ್ತೆ. ಒಳಮೈಗೆ ಬಂದ ನೀರು ಆರಿಹೋಗುತ್ತೆ, ಉಪ್ಪು ಇಟ್ಟಿಗೆಯ ಸಣ್ಣ ಸಣ್ಣ ರಂಧ್ರದಲ್ಲೇ ಹರಳುಗಟ್ಟುತ್ತೆ. ಸೋಡಿಯಂ ಸಲ್ಫೇಟ್ ಅನ್ನೋ ಉಪ್ಪಂತೂ ನೀರು ಹೀರಿದರೆ ಮೂರು ಪಟ್ಟಿಗೂ ಮೀರಿ ಹಿಗ್ಗುತ್ತೆ. ಮಳೆಗಾಲಕ್ಕೆ ನೆಂದು ಬೇಸಿಗೆಗೆ ಒಣಗಿ, ವರ್ಷಾವರ್ಷ ಆ ಹಿಗ್ಗಾಟ ತಾಳಲಾರದೆ ಇಟ್ಟಿಗೆ ಒಡೀತದೆ.

ಏನಂದ್ರಿ? ಸಿಮೆಂಟು ಬಳಿದರೆ ತೇವ ನಿಲ್ಲುತ್ತೆ ಅಂದನೇ ಮೇಸ್ತ್ರಿ? ನಿಲ್ಲಲ್ಲ ರಾಯರೇ. ಸುಣ್ಣದ ಗಾರೆ ತೇವವನ್ನ ಹೊರಕ್ಕೆ ಬಿಡುತ್ತೆ, ಸಿಮೆಂಟು ಆ ದಾರಿ ಕಟ್ಟುತ್ತೆ. ಆಗ ನೀರು ಇನ್ನೂ ಮೇಲಕ್ಕೆ ಹತ್ತುತ್ತೆ. ಬಾಗಿಲ ಪಕ್ಕ ಹಿಂದೊಮ್ಮೆ ಹಾಕಿದ ತೇಪೆ ಹಪ್ಪಳದ ಹಾಗೆ ಎದ್ದು ಬಂತಲ್ಲ, ಹಿಂದುಗಡೆ ತಿರುಗಿಸಿ ನೋಡಿದ್ರಾ? ಇಟ್ಟಿಗೆಯ ಮುಖವನ್ನೇ ಕಿತ್ಕೊಂಡು ಬಂದಿದೆ.

ಮೊದಲ ಕೆಲಸ ಹೊರಗಿದೆ. ರಸ್ತೆಗೆ ಹಳೇ ಡಾಂಬರು ಕೀಳದೆ ಅದರ ಮೇಲೇ ಹಾಕಿ ಹಾಕಿ, ಮಳೆನೀರೆಲ್ಲ ಈಗ ನಿಮ್ಮ ಅಂಗಳಕ್ಕೇ ಇಳಿಯುತ್ತೆ. ನೀವೂ ಮಣ್ಣು ತುಂಬಿಸಿ ಗೋಡೆಗೆ ತಾಗೋ ಹಾಗೆ ಟೈಲ್ಸು ಹಾಕಿಸಿದ್ದೀರಿ. ಕೆಳಗಿನ ಕಲ್ಲುಕಟ್ಟಡ ಆಗ ಒಂದಡಿ ಕಾಣ್ತಿತ್ತು, ಈಗ ಹೂತುಹೋಗಿದೆ. ಗೋಡೆ ಪಕ್ಕದ ಟೈಲ್ಸು ತೆಗೆಸಿ, ಆ ಕಲ್ಲು ಕಾಣೋವರೆಗೂ ಮಣ್ಣು ಅಗೆಸಿ, ನೀರು ಆಚೆ ಹರಿಯೋ ಹಾಗೆ ಇಳಿಜಾರು ಕೊಡಿಸಿ. ಕುಂಡಗಳನ್ನೂ ಸರಿಸಿ. ಕಾರು ತೊಳೆಯೋದು ಶೆಡ್ಡಿನ ಒಳಗೆ ಬೇಡವೇ ಬೇಡ.

ಆಮೇಲೆ ಕಾಯಬೇಕು. ಗೋಡೆ ಒಂದಂಗುಲ ಒಣಗೋಕೆ ಸುಮಾರು ಒಂದು ತಿಂಗಳು ಅನ್ನೋದು ಒಂದು ಅಂದಾಜು. ನಿಮ್ಮದು ಒಂಬತ್ತಂಗುಲದ ಗೋಡೆ, ಲೆಕ್ಕ ಹಾಕಿ. ಅಷ್ಟರಲ್ಲಿ ಮೇಲೆದ್ದ ಉಪ್ಪನ್ನ ಒಣ ಬ್ರಷ್ಷಿನಲ್ಲಿ ಉಜ್ಜಿ ಗುಡಿಸಿ ತೆಗೀರಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ.

ತೂಕದ ಗುಂಡು ಇಳಿಬಿಟ್ಟು ನೋಡಿ. ಗೋಡೆ ಉಬ್ಬಿದ್ದರೆ, ವಾಲಿದ್ದರೆ, ಕೈ ಹಚ್ಚೋದು ಬೇಡ, ಎಂಜಿನಿಯರನ್ನ ಕರೆಸಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆ, ಎರಡರಲ್ಲೂ ಒಂದೊಂದು ಭಾಗ ಕುಸಿದದ್ದನ್ನ ನಮ್ಮೂರು ಕಂಡಿದೆ. ಹಳೇ ಗೋಡೆ ಮುನ್ಸೂಚನೆ ಕೊಟ್ಟಾಗ ಕೇಳಿಸಿಕೊಳ್ಳಬೇಕು.

ನೆಟ್ಟಗಿದ್ದರೆ ಚಿಂತೆಯಿಲ್ಲ. ಸಂದಿಯ ಸತ್ತ ಗಾರೆಯನ್ನ ಉಳಿ ಸುತ್ತಿಗೆಯಲ್ಲಿ ಒಂದಂಗುಲ ಆಳಕ್ಕೆ ಕೆರೆಸಿ. ಕಟಿಂಗ್ ಮಿಷನ್ನು ಬೇಡ, ಇಟ್ಟಿಗೆಯ ಅಂಚೇ ಹೋಗುತ್ತೆ. ತೀರಾ ಸವೆದ ಇಟ್ಟಿಗೆಯನ್ನ ಒಂದೊಂದಾಗಿ ಬಿಡಿಸಿ. ಎಷ್ಟೋ ಸಲ ಅದರ ಬೆನ್ನು ಚೆನ್ನಾಗಿರುತ್ತೆ, ತಿರುಗಿಸಿ ಕೂರಿಸಿದರೆ ಆಯ್ತು! ಸಾಲದಿದ್ದರೆ ಕೆಡವಿದ ಹಳೇ ಮನೆಯ ಇಟ್ಟಿಗೆ ತನ್ನಿ. ಒಂದಕ್ಕೊಂದು ತಟ್ಟಿದರೆ ಠಣ್ ಅನ್ನಬೇಕು, ಉಗುರಲ್ಲಿ ಗೀರಿದರೆ ಗುರುತು ಬೀಳಬಾರದು.

ಗಾರೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಮರಳಿನಲ್ಲಿ ಸ್ವಲ್ಪ ತೆಗೆದು ಸುರ್ಕಿ ಸೇರಿಸಿದರೆ, ಅದೇ ಇಟ್ಟಿಗೆ ಪುಡಿ, ತೇವದ ಜಾಗದಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತೆ. ಹಿಂದಿನವರು ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಎರಡನ್ನೂ ಬೆರೆಸ್ತಿದ್ದರು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು, ಮೊಮ್ಮಕ್ಕಳನ್ನ ಅತ್ತ ಬಿಡಬೇಡಿ. ಮೆತ್ತುವ ಮುಂಚೆ ಸಂದಿಗೆ ನೀರು ಚಿಮುಕಿಸಿ, ಆದಮೇಲೆ ಒಂದು ವಾರ ಒದ್ದೆ ಗೋಣಿತಾಟು ಇಳಿಬಿಡಿ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ, ಅವಸರ ಮಾಡಬೇಡಿ. ಪ್ಲಾಸ್ಟಿಕ್ ಪೇಂಟ್ ಬಳಿಯದೆ ಬರೀ ಸುಣ್ಣ ಹೊಡೆಸಿ.

ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ನನಗೆ ಗೊತ್ತು, ಸಂಜೆ ಕರೆತರ್ತೇನೆ. ಕೆಲಸ ಮುಗಿಯೋವರೆಗೂ ಶೆಡ್ಡಿನ ಬಾಗಿಲು ಹಗಲೆಲ್ಲ ತೆರೆದಿಡಿ, ಗಾಳಿಯಾಡಲಿ. ಕಾರು ನಮ್ಮ ಅಂಗಳದಲ್ಲಿ ನಿಲ್ಲಿಸಿ, ಜಾಗ ಇದೆ.